ಐದು ರೂಪಾಯಿಯ ಗದ್ದಿಗೆ

ಕಂಬಳಿಗೆ ನುಸಿ ಬಿದ್ದಿರುವುದು ಮುರುಗೇಂದ್ರಪ್ಪನಿಗೆ ಅವತ್ತು ಬೆಳಿಗ್ಗೆ ಗೊತ್ತಾಯಿತು ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಅವನ ಮೂಗಿಗೆ ಅದು ಎಷ್ಟೋ ದಿನದಿಂದ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೆ. ಕೋಣೆಯ ಬಾಗಿಲು ತೆಗೆದ ಕೂಡಲೇ ಹುಣಸೆಬೀಜದ ಗಂಜಿಯ ವಾಸನೆ, ಕುರಿಯ ಮೈವಾಸನೆ ಮುಖಕ್ಕೆ ಬಡಿಯುತ್ತಿದ್ದ ಕಾಲವಿತ್ತು. ಈಗ ಅದರ ಅಡಿಯಿಂದ ಒಣಧೂಳಿನಂಥ ಇನ್ನೊಂದು ವಾಸನೆ ಏಳುತ್ತಿತ್ತು. ಮೇಲಿನ ಸಾಲಿನ ಒಂದು ಕಂಬಳಿ ಎಳೆದು ಕಿಟಕಿಗೆ ಅಡ್ಡ ಹಿಡಿದ. ಅಲ್ಲಲ್ಲಿ ಬೆಳಕು ಈಚೆಗೆ ಬಂತು. ಎಲ್ಲವನ್ನೂ ಹಿತ್ತಲಿಗೆ ತಂದು ಎರಡು ದಿನ ಬಿಸಿಲಿಗೆ ಹರವಿ, ಬಡಿದು ಕೊಡವಿದ್ದರೆ ಆಗುತ್ತಿತ್ತು. ಆದರೆ ಹರವಿದರೆ ಬೀದಿಯವರೆಲ್ಲ ತೂತು ಎಣಿಸುತ್ತಾರೆ. ಮಡಚಿ, ಮೊದಲು ಹೇಗಿತ್ತೋ ಹಾಗೇ ಇಟ್ಟು, ಕದ್ದವನ ಹಾಗೆ ಬಾಗಿಲು ಹಾಕಿಕೊಂಡ. ಕದಿಯಲಿಕ್ಕೆ, ಹೆದರಲಿಕ್ಕೆ ಅಲ್ಲಿ ಯಾರಿದ್ದರು? ಮನೆಯ ಈ ಅರ್ಧದಲ್ಲಿ ಅವನನ್ನು ಬಿಟ್ಟರೆ ಇನ್ನೊಂದು ಜೀವವಿಲ್ಲ. ಗೋಡೆಯಾಚೆಯ ಅರ್ಧದಲ್ಲಿ ತಮ್ಮನ ಸಂಸಾರ. ತಮ್ಮನ ಹೆಂಡತಿ ಹೊನ್ನಕ್ಕ ಹೊತ್ತಿಗೆ ಸರಿಯಾಗಿ ತಟ್ಟೆ ಮುಚ್ಚಿ ತಂದು ಹೊಸ್ತಿಲ ಮೇಲಿಟ್ಟು, "ಬಾವಾರೆ, ಊಟ" ಎಂದು, ಇವನು ತಲೆಯೆತ್ತುವಷ್ಟರಲ್ಲಿ ಹೋಗಿಬಿಟ್ಟಿರುತ್ತಿದ್ದಳು. ಊಟಕ್ಕೆ ಯಾವತ್ತೂ ಕೊರತೆ ಮಾಡಿದವಳಲ್ಲ, ಅದಕ್ಕೆ ಅವಳನ್ನು ಬೈಯಲಿಕ್ಕೂ ಬರುತ್ತಿರಲಿಲ್ಲ.

ಮಾರಬೇಕು. ಮಾರದಿದ್ದರೆ ಮುಂದಿನ ಮಳೆಗಾಲದ ಹೊತ್ತಿಗೆ ಕೋಣೆಯಲ್ಲಿ ಉಳಿಯುವುದು ಹೊಟ್ಟು ಮಾತ್ರ. ಅಪ್ಪ ಮಾಡಿಟ್ಟದ್ದು, ಅದಕ್ಕೆ ತಾನು ಸೇರಿಸಿದ್ದು, ಎಲ್ಲ ಕರಿ ಉಣ್ಣೆಯಾಗಿ ಜಂತಿಯವರೆಗೆ ಪೇರಿಕೊಂಡು ಕೂತಿತ್ತು. ಮೊಳಕಾಲ್ಮೂರಿನ ಜಂಬುಲಿಂಗಪ್ಪ ಬಳ್ಳಾರಿಯ ಸಾಹುಕಾರರ ಪರವಾಗಿ ಕಂಬಳಿ ಸಗಟಾಗಿ ಕೊಂಡು ಎತ್ತುತ್ತಿದ್ದಾನೆಂದು ಸುದ್ದಿ ಬಂದಿತ್ತು. ಬೆಲೆ ಹೇಳಿಕೊಳ್ಳುವಂಥದ್ದಲ್ಲ, ಆದರೂ ಎತ್ತುತ್ತಿದ್ದಾನೆ. ಅವನಿಗೆ ಕೊಟ್ಟರೆ ಬಂಡವಾಳದಲ್ಲಿ ಅರ್ಧವಾದರೂ ಕೈಸೇರುತ್ತದೆ, ಮುದಿತನಕ್ಕೆ ಒಂದು ದಾರಿಯಾಗುತ್ತದೆ. ಆದರೆ ಕೊಟ್ಟ ಮೇಲೆ ಜುಂಜಣ್ಣ, ಮುದ್ದಪ್ಪ, ಪಾತಮ್ಮ, ಹಟ್ಟಿಯ ಅಷ್ಟೂ ನೇಯುವವರ ಮುಂದೆ ಮುಖವೆತ್ತುವುದು ಹೇಗೆ? ಮಾರಬೇಡಿ, ಹಿಡಿಯಿರಿ ಎಂದು ಅವರ ಕೈಕಟ್ಟಿದವನೇ ಇವನು. ಅದೂ ಬಾಯಿಮಾತಿನಲ್ಲಲ್ಲ, ದೇವರ ಗದ್ದಿಗೆಯ ಮೇಲೆ.

ಜರ್ಮನಿ ಯುದ್ಧ ನಡೆಯುವಷ್ಟು ದಿನ ಚಳ್ಳಕೆರೆಯ ಕಂಬಳಿಯನ್ನು ಕೇಳಿದವರೇ ಕೇಳಿದವರು. ಸಮುದ್ರದಾಚೆ ಎಲ್ಲೋ ಚಳಿಯಲ್ಲಿ ಮಲಗುವ ಸಿಪಾಯಿಗಳಿಗೆ ಅಂತ, ಮಗ್ಗದಿಂದ ಇಳಿಯುವ ಮೊದಲೇ ಬೆಲೆ ಕಟ್ಟಿ ಒಯ್ಯುತ್ತಿದ್ದರು. ಹಟ್ಟಿಯವರು ಸಂತೆಯ ದಿನ ಬರುತ್ತಿದ್ದರು, ಕಂಬಳಿ ಹಾಕುತ್ತಿದ್ದರು, ರೊಕ್ಕವನ್ನು ಪಂಚೆಯ ಸೆರಗಿಗೆ ಗಂಟು ಹಾಕಿಕೊಂಡು ಜಗಲಿ ಇಳಿದುಬಿಡುತ್ತಿದ್ದರು. "ಕೂತ್ಕಳ್ರಪ್ಪ, ಎಲೆ ಅಡಿಕೆ ಹಾಕ್ಕಳ್ರಿ" ಎಂದರೆ, "ಹೊತ್ತಾಯ್ತು ಯಜಮಾನ್ರೆ" ಎನ್ನುತ್ತಿದ್ದರು. ಆಗ ಅದು ಅವನ ಮನಸ್ಸಿಗೆ ತಟ್ಟುತ್ತಿರಲಿಲ್ಲ. ಒಳಗೆ ಹೆಂಡತಿ ಮುದ್ದಕ್ಕ ಇದ್ದಳು, ಬಳೆಯ ಸದ್ದಿತ್ತು, ಒಲೆಯ ಹೊಗೆಗೆ ಅವಳು ಬೈದುಕೊಳ್ಳುವುದಿತ್ತು. ಯುದ್ಧ ಮುಗಿಯಿತೆಂದು ಅಂಚೆಯವನು ಹೇಳಿಕೊಂಡು ಹೋದ ತಿಂಗಳಲ್ಲೇ, ಮನೆಮನೆಯಲ್ಲೂ ಹೆಣ ಬೀಳಿಸಿದ ಆ ಜ್ವರ ಊರಿಗೆ ಬಂತು. ಮುದ್ದಕ್ಕ ಮೂರು ದಿನ ಮಲಗಿದಳು. ಕೊನೆಯ ಹೊತ್ತಿನಲ್ಲಿ ಅವಳಿಗೆ ನಡುಕ ಬಂದು, ಇವನು ಕೋಣೆಗೆ ಹೋಗಿ ಕಂಬಳಿ ತಂದು ಹೊದಿಸಿದ. ಆಮೇಲೆ ಇನ್ನೊಂದು ತಂದ. ಮಾರುವುದಕ್ಕೆ ಇಟ್ಟದ್ದರಲ್ಲಿ ಒಳ್ಳೆಯದನ್ನು ಬಿಟ್ಟು, ಅಂಚು ಕಿತ್ತದ್ದನ್ನೇ ಕೈ ತಾನಾಗಿ ಆರಿಸಿತ್ತು. ಅದನ್ನು ಅವಳು ನೋಡಲಿಲ್ಲ, ಯಾರೂ ನೋಡಲಿಲ್ಲ. ಅವನು ಮಾತ್ರ ಈಗಲೂ ತಟ್ಟೆಯ ಮುಚ್ಚಳ ತೆಗೆಯುವಾಗ, ಮೀಸೆ ತಿದ್ದಿಕೊಳ್ಳುವಾಗ, ಕಾರಣವಿಲ್ಲದೆ ಆ ಕಿತ್ತ ಅಂಚನ್ನು ಕಾಣುತ್ತಿದ್ದ.

ಬೆಲೆ ಬಿದ್ದದ್ದು ಅದರ ಹಿಂದೆಯೇ. ಮೊದಲು ಮೆಟ್ಟಿಲಿಳಿದ ಹಾಗೆ, ಆಮೇಲೆ ಜಾರಿದ ಹಾಗೆ. ಹಟ್ಟಿಯವರು ಸಂತೆಗೆ ಹೊತ್ತು ತಂದ ಕಂಬಳಿಯನ್ನು ಹೊತ್ತುಕೊಂಡೇ ವಾಪಸು ಹೋಗುವಂತಾಯಿತು. ಹೋಗುವ ಮುಂಚೆ ಇವನ ಜಗಲಿಗೆ ಬಂದು ಕೂತರು. ಹೌದು, ಕೂತರು, ಎಷ್ಟೋ ವರ್ಷದಲ್ಲಿ ಮೊದಲ ಸಲ. "ಏನ್ ಮಾಡಾನ ಯಜಮಾನ್ರೆ, ಕೊಟ್ಟುಬಿಡಾನಾ, ಹಿಡಿಯಾನಾ?" ಎಂದು ಜುಂಜಣ್ಣ ಕೇಳಿದ. ಹನ್ನೆರಡು ಜನ ತನ್ನ ಬಾಯಿ ನೋಡುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, ಬಳ್ಳಾರಿಯ ಸುದ್ದಿ, ದಾವಣಗೆರೆಯ ಸುದ್ದಿ, ಅರ್ಧ ಕೇಳಿದ್ದು, ಅರ್ಧ ಅಲ್ಲೇ ಹುಟ್ಟಿಸಿದ್ದು, ಎಲ್ಲ ಹೇಳಿ, "ಹಿಡೀರಿ" ಎಂದ. ಒಬ್ಬೊಬ್ಬರೇ ಬಿಟ್ಟುಕೊಟ್ಟರೆ ಸಾಹುಕಾರರು ತುಳಿಯುತ್ತಾರೆ, ಎಲ್ಲರೂ ಸೇರಿ ಹಿಡಿದರೆ ಅವರೇ ಬಾಗುತ್ತಾರೆ. ಐದು ರೂಪಾಯಿಗೆ ಒಂದು ಕಾಸು ಕಡಿಮೆಯಾದರೂ ಕೊಡುವುದಿಲ್ಲವೆಂದು ಗದ್ದಿಗೆ ಹಾಕಿ ಮಾತಾಡೋಣ ಎಂದವನೂ ಅವನೇ. ಹಟ್ಟಿಯ ಕುರುಬರಲ್ಲಿ ಕರಿ ಕಂಬಳಿ ಮಡಚಿ ಹಾಸಿ, ಮೇಲೆ ಅರಿಸಿನದ ಭಂಡಾರ, ಎಲೆ, ಕಾಯಿ ಇಟ್ಟರೆ ಆಯಿತು, ಅಲ್ಲಿ ದೇವರು ಬಂದು ಕೂತ ಲೆಕ್ಕ. ಮುದುಕ ಮುದ್ದಪ್ಪನಿಗೆ ಮಾತ್ರ ಸರಿಕಾಣಲಿಲ್ಲ. "ಗದ್ದಿಗೆ ಮುಂದೆ ಮದುವೆ ಮಾತು ಆಡ್ಬೌದು, ಜಗಳ ಬಗೆಹರಿಸ್ಕೋಬೌದು. ರೇಟಿನ ಮಾತಿಗೆ ದೇವ್ರನ್ನ ಕರೀಬಾರ್ದು ಯಜಮಾನ್ರೆ" ಎಂದ. "ದೇವ್ರ ಮುಂದೆ ಆಡಿದ್ರೆ ಮಾತು ನಿಲ್ತೈತೆ ಮುದ್ದಪ್ಪ" ಎಂದು ಇವನು ಒತ್ತಿ ಹೇಳಿದ. ಕೊರಳಲ್ಲಿ ಲಿಂಗ ಕಟ್ಟಿದವನು, ಅವರ ಗದ್ದಿಗೆಯ ಮೇಲೆ ಕೈಯಿಟ್ಟ. ಅವನ ಕೈಮೇಲೆ ಜುಂಜಣ್ಣನ ಕೈ, ಅದರ ಮೇಲೆ ಇನ್ನೊಂದು, ಮೇಲೆ ಮೇಲೆ ಬಿದ್ದವು. ಆ ಭಾರ ಅವನಿಗೆ ಎಷ್ಟು ಹಿತವಾಯಿತೆಂದರೆ, ಕಣ್ಣು ತುಂಬಿ ಬಂದದ್ದನ್ನು ಜನ ಭಕ್ತಿ ಅಂದುಕೊಂಡರು.

ಅಲ್ಲಿಂದಾಚೆ ಪ್ರತಿ ಸಂತೆಯ ಸಂಜೆ ಅವರು ಬರತೊಡಗಿದರು. ಅವನು ಮಧ್ಯಾಹ್ನವೇ ಜಗಲಿ ಗುಡಿಸಿ ಚಾಪೆ ಹಾಸುತ್ತಿದ್ದ, ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಮೇವಿನ ಕಾವಲಿನಲ್ಲಿ ಹುಲ್ಲು ಹೇಗಿದೆ, ಯಾರ ಕುರಿಗೆ ಕಾಲುಬೇನೆ, ಪಾತಮ್ಮನ ಸೊಸೆ ಏಕೆ ತವರಿಗೆ ಹೋದಳು, ಎಲ್ಲ ಬರುತ್ತಿತ್ತು. ಕೊನೆಗೆ ಜುಂಜಣ್ಣ ಕೇಳುತ್ತಿದ್ದ: "ಮತ್ತೆ, ಹಿಡಿಯಾನಾ ಯಜಮಾನ್ರೆ?" ಇವನು "ಹಿಡೀರಿ" ಎನ್ನುತ್ತಿದ್ದ. ಒಂದು ಸಲ ದಾವಣಗೆರೆಯಿಂದ ಬಂದವನೊಬ್ಬ, ಬೆಲೆ ಇನ್ನೂ ಇಳಿಯಿತೆಂದು ಹೇಳಿದಾಗ ತನ್ನ ಎದೆಯಲ್ಲಿ ಎದ್ದದ್ದು ದಿಗಿಲಲ್ಲ, ಸಮಾಧಾನ ಎಂದು ತಿಳಿದು ಅವನು ಬೆಚ್ಚಿಬಿದ್ದ. ಥೂ, ಎಂಥ ಮನುಷ್ಯ ನಾನು ಎಂದುಕೊಂಡ. ಮಗ್ಗ ನಿಂತ ಮನೆಗಳಲ್ಲಿ ಮುದ್ದೆ ಸಣ್ಣದಾಗುತ್ತಿದೆ, ಇವನಿಗೆ ಜಗಲಿ ತುಂಬಿದರೆ ಸಾಕು. ಅವರ ಕಷ್ಟದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೇನೆ ಎಂದು ಅನಿಸಿದ ದಿನ ರಾತ್ರಿಯ ಊಟ ಇಳಿಯಲಿಲ್ಲ. ಮುಂದಿನ ಸಂತೆಗೆ ಮತ್ತೆ ಚಾಪೆ ಹಾಸಿದ.

ಹೀಗಿರುವಾಗ ನುಸಿ. ಅವತ್ತು ಅವನು ಎರಡು ಒಳ್ಳೆಯ ಕಂಬಳಿಯನ್ನು ಮಾದರಿಗೆಂದು ಗೋಣಿಯಲ್ಲಿ ಸುತ್ತಿ, ಗಾಡಿಯಲ್ಲಿ ಹುಲ್ಲಿನಡಿಗೆ ತಳ್ಳಿದ. "ಎಲ್ಲಿಗೆ ಬಾವಾರೆ?" ಎಂದು ಹೊನ್ನಕ್ಕ ಎಂದೂ ಕೇಳದವಳು ಅವತ್ತೇ ಕೇಳಬೇಕೆ. "ಜಟಿಂಗ ರಾಮೇಶ್ವರಕ್ಕೆ. ಒಂದು ಹರಕೆ ಇತ್ತು" ಎಂದ. ಮುದ್ದಕ್ಕನ ಹೆಸರಿನಲ್ಲಿರಬೇಕು ಎಂದು ಅವಳೇ ಊಹಿಸಿಕೊಂಡು ಸೆರಗು ಕಣ್ಣಿಗೊತ್ತಿಕೊಂಡಳು. ಇವನು ಅಲ್ಲವೆನ್ನಲಿಲ್ಲ. ಗಾಡಿ ಹೊಡೆಯುವ ಆಳನ್ನು ಬಿಡಿಸಿ ವರ್ಷವಾಗಿತ್ತು. ತಾನೇ ಗಾಡಿಯ ಮುಂದಿನ ಮೂಕಿಯ ಮೇಲೆ ಕೂತು ಹೊರಟ.

ತಳಕು ದಾಟಿದ ಮೇಲೆ ದಾರಿಯಲ್ಲಿ ಜನರಿಲ್ಲ. ಎರಡೂ ಕಡೆ ಕಲ್ಲು, ಕಾರೆಮುಳ್ಳು, ಬಿಸಿಲಿಗೆ ಬೆಳ್ಳಗಾದ ಹುಲ್ಲು. ಎತ್ತುಗಳಿಗೆ ದಾರಿ ಗೊತ್ತು, ಅವನಿಗೆ ಕೆಲಸವೇ ಇಲ್ಲ. ಜಂಬುಲಿಂಗಪ್ಪ ಬೆಲೆ ಕೇಳುವಾಗ ಮುಖ ಹೇಗೆ ಇಟ್ಟುಕೊಳ್ಳಬೇಕು, ಜುಂಜಣ್ಣನಿಗೆ ಏನು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದ. ನುಸಿ ಬಿತ್ತು ಜುಂಜಣ್ಣ, ಕೈಮೀರಿ ಹೋಯ್ತು. ಹಾಗಾದರೆ ನಮ್ಮವಕ್ಕೆ ನುಸಿ ಬೀಳಲಿಲ್ಲವಾ ಅಂತ ಅವನು ಕೇಳುವುದಿಲ್ಲ, ಅಂಥವನಲ್ಲ. ಸುಮ್ಮನೆ ನೋಡುತ್ತಾನೆ. ಆ ನೋಟಕ್ಕೆ ಉತ್ತರ ಹುಡುಕುತ್ತ ಹುಡುಕುತ್ತ, ತಾನು ಇಷ್ಟು ಹೊತ್ತೂ ಬಾಯಿಬಿಟ್ಟು ಮಾತಾಡುತ್ತಿದ್ದೆ ಎಂದು ಎದುರಿಗೆ ಬಂದ ಹೆಂಗಸೊಬ್ಬಳು ಸೌದೆ ಹೊರೆಯ ಅಡಿಯಿಂದ ಇಣುಕಿ ನೋಡಿದಾಗ ತಿಳಿಯಿತು. ಎತ್ತಿಗೆ ಹೇಳಿದ ಹಾಗೆ "ಹೋ, ಹೋ" ಎಂದು ನಟಿಸಿದ. ಆ ರಾತ್ರಿ ಬೊಮ್ಮಗೊಂಡನಕೆರೆಯ ಛತ್ರದಲ್ಲಿ ಮಲಗಿ, ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಮೊಳಕಾಲ್ಮೂರು ಸೇರಿದ.

ರೇಷ್ಮೆ ಮಗ್ಗದ ಸದ್ದು ಬೀದಿಯ ಉದ್ದಕ್ಕೂ ಇತ್ತು. ಇಲ್ಲಿ ಬಣ್ಣಬಣ್ಣದ ನೂಲು ಬಿಸಿಲಿಗೆ ತೂಗುತ್ತಿತ್ತು, ತನ್ನ ಗೋಣಿಗಂಟು ನೋಡಿ ಅವನಿಗೇ ನಾಚಿಕೆಯಾಯಿತು. ಜಂಬುಲಿಂಗಪ್ಪನ ಗುಮಾಸ್ತ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಸಾಹುಕಾರ್ರು ಪೂಜೇಲಿದಾರೆ, ಅಲ್ಲಿ ಕೂತಿರು" ಎಂದು ಮಳಿಗೆಯ ಒಳಗಟ್ಟೆ ತೋರಿಸಿದ. ಏಕವಚನ. ಚಳ್ಳಕೆರೆಯಲ್ಲಿ ಹುಟ್ಟಿದ ಮಗುವೂ ಅವನಿಗೆ ಹಾಗೆ ಅಂದದ್ದಿಲ್ಲ. ಕೂತ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎದುರಿಗೆ ಗೋಡೆಯುದ್ದಕ್ಕೂ ಪೇರಿಸಿದ್ದು ಕಂಬಳಿಯೆಂದು ತಿಳಿಯಿತು. ವ್ಯಾಪಾರದವನ ಕೈ ಸುಮ್ಮನಿರುವುದಿಲ್ಲ. ಎದ್ದು ಹೋಗಿ ಒಂದರ ಅಂಚು ಮುಟ್ಟಿದ. ಮುಟ್ಟಿದವನು ಕೈ ಅಲ್ಲೇ ಬಿಟ್ಟ. ಅಂಚಿನ ಎಳೆಗಳನ್ನು ಎರಡೆರಡು ಸೇರಿಸಿ ಒಳಮುಖವಾಗಿ ಗಂಟು ಹಾಕುವುದು ಜುಂಜಣ್ಣನ ಹೆಂಡತಿ ಕೆಂಚಕ್ಕ ಒಬ್ಬಳೇ. ಅದರ ಕೆಳಗಿನದು ಮುದ್ದಪ್ಪನ ಮಗ್ಗದ್ದು, ಅವನಿಗೆ ಹಳಬನ ಬಿಗಿ ಕೈ. ಪಕ್ಕದ ಸಾಲಿನಲ್ಲಿ ಪಾತಮ್ಮ ನೂತ ಸಡಿಲ ನೂಲು. ಒಂದೊಂದಾಗಿ ಬೆರಳಾಡಿಸುತ್ತ ಹೋದ. ಹಟ್ಟಿಗೆ ಹಟ್ಟಿಯೇ ಅಲ್ಲಿ ಮಡಚಿಕೊಂಡು ಕೂತಿತ್ತು. ಮೇಲೆ ಆಗಲೇ ಧೂಳು ಕೂತಿತ್ತು.

"ನಿಮ್ಮೂರಿನ ಮಾಲೇ" ಎಂದು ಹಿಂದಿನಿಂದ ಜಂಬುಲಿಂಗಪ್ಪ ಹೇಳಿದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ಮುಂಗಾರಿನ ಮುಂಚೆನೇ ತಂದು ಹಾಕಿದ್ರು. ಮೂರರ ಲೆಕ್ಕದಾಗೆ. ಆಗ ನೀವೂ ಬಂದಿದ್ರೆ ನಿಮಗೂ ಅದೇ ಕೊಡ್ತಿದ್ದೆ."

"ಅವರಿಗೆ ದೇವರ ಆಣೆಯಿತ್ತಲ್ಲ" ಎಂದ ಮುರುಗೇಂದ್ರಪ್ಪ.

"ಇತ್ತಂತೆ. ದೇವ್ರಿಗೆ ತಪ್ಪುಕಾಣಿಕೆ ಹಾಕಿ, ಎಲ್ಲಾರೂ ಸೇರಿ ಗದ್ದಿಗೆ ಎತ್ತಿ, ಆಣೆ ಬಿಡಿಸ್ಕಂಡು ಬಂದ್ವಿ ಅಂದ್ರು. ನಿಮಗೆ ಗೊತ್ತಿಲ್ವಾ?"

ಗೊತ್ತಿದೆ ಎನ್ನುವ ಹಾಗೆ ತಲೆಯಾಡಿಸಿದ. ಎಲ್ಲರೂ ಸೇರಿ. ಮುಂಗಾರಿನ ಮುಂಚೆ. ಅಂದರೆ ಆಮೇಲಿನ ಅಷ್ಟೂ ಸಂತೆಯ ಸಂಜೆ ಅವರು ಬಂದು ಕೂತು, ಎಲೆ ಮೆದ್ದು, "ಹಿಡಿಯಾನಾ ಯಜಮಾನ್ರೆ?" ಎಂದು ಕೇಳಿದ್ದು ಕಂಬಳಿ ಖಾಲಿಯಾದ ಮನೆಗಳಿಂದ ಎದ್ದು ಬಂದು. ತನಗೆ ಹೆದರಿಯೋ, ಕನಿಕರಪಟ್ಟೋ, ತನ್ನ ದೊಡ್ಡ ರಾಶಿ ಹೊರಬಿದ್ದರೆ ಬೆಲೆ ಕೆಡುತ್ತದೆಂದು ತಾವು ಮಾರುವವರೆಗೆ ಬಾಯಿಬಿಡದೆ, ಆಮೇಲೆ ಹೇಳಲು ಮುಖವಿಲ್ಲದೆಯೋ? ಯಾವುದೂ ಗೊತ್ತಾಗಲಿಲ್ಲ. ಮಾರಿದ್ದಕ್ಕೆ ಸಿಟ್ಟು ಬರಲಿಲ್ಲ. ಒಳ್ಳೆಯದಾಯಿತು, ಮಕ್ಕಳು ಮರಿ ಉಂಡವಲ್ಲ. ಗದ್ದಿಗೆ ಎತ್ತಿದ ದಿನ ತನ್ನನ್ನು ಕರೆಯಲಿಲ್ಲ ಎನ್ನುವುದೇ ಕೆಟ್ಟದಾಗಿ ನೋಯಿಸಿತು. ಕೈಮೇಲೆ ಕೈ ಇಟ್ಟಿದ್ದರಲ್ಲ, ಎತ್ತುವಾಗ ಕೆಳಗಿದ್ದ ಕೈ ಯಾರದೆಂದು ಒಬ್ಬನಿಗೂ ನೆನಪಾಗಲಿಲ್ಲವೆ?

ಜಂಬುಲಿಂಗಪ್ಪ ಎದುರಿಗೆ ಕೂತು, ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಮೇಲೆ ಹಾಕಿದ. ದೊಡ್ಡ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಬಟ್ಟೆಯಡಿ ಬೆರಳು ಹಿಡಿದು ಹೇಳುವುದು, ಪಕ್ಕದವನಿಗೂ ತಿಳಿಯಬಾರದು. ಮೆತ್ತನೆಯ, ಬೆಚ್ಚನೆಯ ಕೈ ಇವನ ಕೈ ಹುಡುಕಿಕೊಂಡು ಬಂತು. ಎರಡು ಬೆರಳು ಹಿಡಿದು, ಮೂರನೆಯದರ ನಡುವಿಗೆ ಉಗುರು ಒತ್ತಿತು. ಎರಡೂವರೆ. ಮುದ್ದಕ್ಕ ಹೋದ ಮೇಲೆ ತನ್ನ ಬೆರಳನ್ನು ಯಾರೂ ಇಷ್ಟು ಹೊತ್ತು ಹಿಡಿದಿರಲಿಲ್ಲ ಎಂಬ ಹುಚ್ಚು ಯೋಚನೆ ಬಂದು, ಅವನು ಕೈಯನ್ನು ಹಾಗೇ ಬಿಟ್ಟುಕೊಂಡು ಕೂತ. ಈಗ ಮಾರಬಹುದು. ಯಾರಿಗೂ ದ್ರೋಹವಿಲ್ಲ, ಯಾರ ಮುಂದೆಯೂ ಮುಖ ತಗ್ಗಿಸಬೇಕಿಲ್ಲ. ಹೂಂ ಎಂದರೆ ನಾಡಿದ್ದು ಗಾಡಿಗಳು ಬಂದು ಕೋಣೆ ಖಾಲಿ ಮಾಡುತ್ತವೆ. ಸಂತೆಯ ಸಂಜೆ ಜುಂಜಣ್ಣ ಬರುತ್ತಾನೆ, ತೆರೆದ ಬಾಗಿಲು ನೋಡುತ್ತಾನೆ, ಎದೆಯ ಭಾರ ಇಳಿಯುತ್ತದೆ. ನಮ್ಮವೂ ಹೋದ್ವು, ನಿಮ್ಮವೂ ಹೋದ್ವು, ಬರ್ತೀವಿ ಯಜಮಾನ್ರೆ, ಹೊತ್ತಾಯ್ತು. ಜಗಲಿ ಇಳಿದುಬಿಡುತ್ತಾನೆ. ಆಮೇಲೆ ಬರಲಿಕ್ಕೆ ಅವನಿಗೆ ಏನಿದೆ ಕಾರಣ?

"ಏಮಂಟಾರು ಯಜಮಾನ್ರೆ, ಏನಂತೀರಿ?" ಎಂದು ಜಂಬುಲಿಂಗಪ್ಪ ತೆಲುಗು ಬೆರೆಸಿ ಕೇಳಿದ.

ಮುರುಗೇಂದ್ರಪ್ಪ ವಲ್ಲಿಯ ಅಡಿಯಿಂದ ಕೈ ಎಳೆದುಕೊಂಡ. "ಕೊಡಲ್ಲ" ಎಂದ.

"ಮುಂದಿನ ತಿಂಗ್ಳು ಎರಡಕ್ಕೂ ಕೇಳೋರಿರಲ್ಲ. ಹೇಳಿದೀನಿ."

"ಗೊತ್ತೈತೆ."

ಮಾದರಿಯ ಗಂಟನ್ನು ಕಂಕುಳಲ್ಲಿ ಹಿಡಿದು ಹೊರಗೆ ಬಂದರೆ ಬಿಸಿಲಿಗೆ ಕಣ್ಣು ಕತ್ತಲೆಯಾಯಿತು. ಆಣೆ ಹಾಕಿದವರಲ್ಲಿ ಮಾತು ಉಳಿಸಿಕೊಂಡವನು ತಾನೊಬ್ಬನೇ, ಆದರೂ ಅದರಲ್ಲಿ ಹೆಮ್ಮೆಪಡುವಂಥದ್ದು ಒಂದು ಕಾಳಿನಷ್ಟೂ ಇಲ್ಲ ಎಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಮನೆ ಮುಳುಗಿಸಿಕೊಂಡೆ ಎಂದೂ ತಿಳಿದಿತ್ತು. ಗಾಡಿ ಬಿಟ್ಟ ಹುಣಸೆಮರದ ಕಡೆಗೆ ತಿರುಗಿದ ಕೂಡಲೇ, ಸೀರೆಯಂಗಡಿಯ ಮೆಟ್ಟಿಲಿಳಿಯುತ್ತಿದ್ದ ಜುಂಜಣ್ಣ ಎದುರಾದ. ಕೈಯಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿದ ಗಂಟು. ಇಬ್ಬರೂ ನಿಂತರು. ಜುಂಜಣ್ಣನ ಕಣ್ಣು ಇವನ ಗೋಣಿಯ ಮೇಲೆ ಹೋಯಿತು, ಇವನ ಕಣ್ಣು ಅವನ ಗಂಟಿನ ಮೇಲೆ.

"ಮಗಳಿಗೆ... ಗಂಡಿನ ಕಡೇರು ಒಪ್ಪಿದ್ರು" ಎಂದ ಜುಂಜಣ್ಣ. "ಒಂದು ಸೀರೆ ತಗಂಡೆ."

"ಒಳ್ಳೇದಾಯ್ತು."

"ನೀವು?"

"ಜಟಿಂಗ ರಾಮೇಶ್ವರಕ್ಕೆ ಬಂದಿದ್ದೆ. ಹರಕೆ."

ರಾಮೇಶ್ವರನ ಬೆಟ್ಟ ಇರುವುದು ಊರಿನ ಇನ್ನೊಂದು ದಿಕ್ಕಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಜುಂಜಣ್ಣ ನಡೆದುಕೊಂಡು ಬಂದಿದ್ದ. ಗಾಡಿ ಹತ್ತು ಎಂದರೆ ಬೇಡವೆನ್ನಲಾರದೆ ಹತ್ತಿದ. ಹಿಂದೆ ಹುಲ್ಲಿನ ಮೇಲೆ ಕಾಲು ಮಡಚಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗಾಡಿ ದಾರಿಯ ಹಳ್ಳಿ ಹಾನಗಲ್ಲನ್ನು ದಾಟಿತು. ಎತ್ತಿನ ಗೊರಸಿನ ಸದ್ದಿನ ನಡುವೆ, ಬೆನ್ನ ಹಿಂದೆ ಒಬ್ಬ ಮನುಷ್ಯ ಉಸಿರಾಡುವುದು ಮುರುಗೇಂದ್ರಪ್ಪನಿಗೆ ಕೇಳಿಸುತ್ತಿತ್ತು. ಬರುವಾಗ ಇದೇ ದಾರಿಯಲ್ಲಿ ಒಬ್ಬನೇ ಮಾತಾಡಿಕೊಂಡು ಬಂದೆನಲ್ಲ ಎಂದು ನೆನಪಾಗಿ, ನಾಚಿಕೆಯ ಜೊತೆಗೇ ಸುಖವಾಯಿತು. ದಾರಿ ಇನ್ನೂ ಉದ್ದವಿದ್ದಿದ್ದರೆ ಎನಿಸಿತು.

"ಯಜಮಾನ್ರೆ" ಎಂದ ಜುಂಜಣ್ಣ. "ಒಂದು ಮಾತು ಹೇಳ್ಬೇಕಿತ್ತು. ಭಾಳ ದಿನದಿಂದ ಹೇಳ್ಬೇಕು ಅಂತ..."

"ಈಗ ಬ್ಯಾಡ."

"ಹಂಗಲ್ಲ, ಮನಸಿಗೆ ತಡಿಯಾಕಿಲ್ಲ. ನಾವೆಲ್ಲ ಸೇರಿ..."

"ಬ್ಯಾಡ ಅಂದೆನಲ್ಲ ಜುಂಜಣ್ಣ." ಎತ್ತಿನ ಬಾಲದ ಮೇಲೆ ಇದ್ದ ಕಣ್ಣನ್ನು ಅವನು ತೆಗೆಯಲಿಲ್ಲ. ಮಾತು ತಾನಾಗಿ, ಬೇಗ ಬೇಗ ಬಂತು. "ರೇಟಿನ ಮಾತು ತಾನೆ? ರೇಟು ಏರ್ತೈತೆ. ಮೊಳಕಾಲ್ಮೂರಿನಾಗೆ ಇವತ್ತು ನಾನೇ ವಿಚಾರ್ಸಿದೀನಿ. ಈಗ ಯಾರೂ ಬಿಡಬಾರ್ದು. ನಾನು ಹಿಡಿದೀನಿ, ನೀವೂ ಹಿಡೀರಿ. ಇನ್ನೊಂದು ವರ್ಷ. ಬ್ಯಾಸರ ಮಾಡ್ಕಬ್ಯಾಡ್ರಿ, ಒಂದೇ ವರ್ಷ." ಬಾರುಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಆಮೇಲೆ ತಿರುಗದೆಯೇ ಕೇಳಿದ: "ಹಿಡೀತೀಯಾ?"

ಹುಲ್ಲು ಸರಸರ ಎಂದಿತು. ಜುಂಜಣ್ಣ ಎದ್ದು, ಗಾಡಿಯ ಕುಲುಕಿಗೆ ತೂರಾಡುತ್ತ ಮುಂದೆ ಬಂದು, ಮೂಕಿಯ ಹತ್ತಿರ, ಇವನ ಪಕ್ಕದಲ್ಲೇ ಕೂತ. ಮೊದಲ ಸಲ ಇವನ ಮುಖವನ್ನು ನೆಟ್ಟಗೆ ನೋಡಿದ.

"ಸಂತೆ ಸಂಜೆ ಬರ್ತೀನಿ ಯಜಮಾನ್ರೆ" ಎಂದ.